ಅವಳು ದೂರು ಕೊಡೋಕೆ ಎಲ್ಲಿಗೆ ಹೋಗಬೇಕು?

2014ರಲ್ಲಿ ನ್ಯೂಜಿಲೆಂಡಿನ ಮಾನವ ಹಕ್ಕುಗಳ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತು. ದೂರು ಕೊಟ್ಟಿದ್ದವಳು ಲೈಂಗಿಕ ವೃತ್ತಿಯಲ್ಲಿದ್ದ ಒಬ್ಬ ಯುವತಿ. ದೂರು ಇದ್ದಿದ್ದು ಅವಳು ಕೆಲಸ ಮಾಡುತ್ತಿದ್ದ ವೇಶ್ಯಾಗೃಹ ನಡೆಸುತ್ತಿದ್ದವನ ಮೇಲೆ. ಅವನು ಲೈಂಗಿಕವಾಗಿ ಕೀಳು ಮಾತಾಡಿ ಪೀಡಿಸುತ್ತಿದ್ದ. ನ್ಯಾಯಮಂಡಳಿ ಅವಳ ಮಾತು ನಂಬಿತು. 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಬೇಕು ಅಂತ ಆದೇಶ ಮಾಡಿತು. ಬೇರೆ ಯಾವುದೇ ಕೆಲಸದಲ್ಲಿರುವ ಹೆಂಗಸಿಗೆ ಕಿರುಕುಳದಿಂದ ಎಷ್ಟು ರಕ್ಷಣೆ ಇದೆಯೋ, ಇವಳಿಗೂ ಅಷ್ಟೇ ಇದೆ ಅನ್ನೋದು ತೀರ್ಪಿನ ತಿರುಳು.

ಪರಿಹಾರದ ಮೊತ್ತ ದೊಡ್ಡದೋ ಚಿಕ್ಕದೋ, ಅದನ್ನು ಬಿಡಿ. ಅವಳು ದೂರು ಕೊಡೋಕೆ ಹೋದಳು, ಹೋಗಲು ಒಂದು ಜಾಗ ಇತ್ತು. ನನಗೆ ದೊಡ್ಡದಾಗಿ ಕಂಡಿದ್ದು ಅದು. ಇದೇ ಕೆಲಸ ಅಪರಾಧವಾಗಿರುವ ಕಡೆ ಅವಳು ಏನು ಮಾಡಬಹುದಿತ್ತು? ಠಾಣೆಗೆ ಹೋದರೆ ಮೊದಲು ಕೇಸ್ ಬೀಳೋದು ಅವಳ ಮೇಲೆ. ಕೇಸ್ ಬೀಳದಿದ್ದರೂ ಹೆಸರು, ವಿಳಾಸ ಠಾಣೆಯ ದಾಖಲೆಗೆ ಹೋಗುತ್ತದೆ. ಮನೆಯವರಿಗೆ ಗೊತ್ತಾಗುತ್ತದೆ, ಬಾಡಿಗೆ ಮನೆ ಹೋಗುತ್ತದೆ. ಹಾಗಾಗಿ ಅವಳು ಹೋಗಲ್ಲ. ಅವಳು ಹೋಗಲ್ಲ ಅನ್ನೋದು ಮಾಲೀಕನಿಗೆ ಗೊತ್ತು, ಗಿರಾಕಿಗೆ ಗೊತ್ತು, ತಿಂಗಳು ತಿಂಗಳು ಮಾಮೂಲಿ ವಸೂಲಿಗೆ ಬರುವವನಿಗೂ ಗೊತ್ತು. ಈ ದಂಧೆಯಲ್ಲಿ ನಡೆಯುವ ಅರ್ಧಕ್ಕರ್ಧ ಅನ್ಯಾಯ ನಿಂತಿರುವುದೇ ಆ ಧೈರ್ಯದ ಮೇಲೆ.

ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕಾ ಬೇಡ್ವಾ ಅನ್ನೋ ಚರ್ಚೆ ಶುರುವಾದರೆ ಮಾತು ಕೂಡಲೇ ಸರಿ-ತಪ್ಪಿನ ಕಡೆಗೆ ತಿರುಗುತ್ತದೆ. ಆ ಕೆಲಸ ಒಳ್ಳೆಯದಾ, ಅದು ಕೆಲಸವೇ ಹೌದಾ, ಸಮಾಜ ಹಾಳಾಗಲ್ವಾ ಅಂತ. ಈ ಪ್ರಶ್ನೆಗಳು ಸುಮ್ನೆ ಹುಟ್ಟಿದವಲ್ಲ, ಗೊತ್ತು. ಆದರೆ ಕಾನೂನು ಬದಲಾದರೆ ಏನಾಗುತ್ತದೆ ಅಂತ ತಿಳಿಯೋಕೆ ಇವುಗಳಿಂದ ಸಹಾಯ ಆಗಲ್ಲ. ನಾನು ಒಂದೊಂದು ದೇಶದ ಕಾನೂನು ಓದುವಾಗಲೂ ಕೇಳಿಕೊಳ್ಳೋದು ಒಂದೇ: ಈ ಕಾನೂನಿನ ಕೆಳಗೆ ಆ ಹೆಣ್ಣುಮಗಳು ಒಬ್ಬ ಗಿರಾಕಿಗೆ ‘ಬೇಡ, ಹೋಗು’ ಅಂದರೆ ಆ ಮಾತು ನಡೆಯುತ್ತದಾ? ನಡೆಯದಿದ್ದರೆ ಅವಳ ಬೆನ್ನಿಗೆ ಯಾರು ಬರುತ್ತಾರೆ? (ಹೆಣ್ಣುಮಗಳು ಅಂತ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಗಂಡಸರೂ ಇದ್ದಾರೆ, ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ಅವರ ಪಾಡು ಇನ್ನೂ ಕಷ್ಟದ್ದು.)

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಅಪರಾಧದ ಪಟ್ಟಿಯಿಂದ ತೆಗೆಯುವುದು ಬೇರೆ, ಲೈಸೆನ್ಸ್ ಕೊಟ್ಟು ಕಾನೂನುಬದ್ಧ ಮಾಡುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಜನ ವಾದ ಮಾಡುತ್ತಾರೆ. ಲೈಸೆನ್ಸ್ ಪದ್ಧತಿಯಲ್ಲಿ ಸರ್ಕಾರ ಒಂದು ಗೆರೆ ಹಾಕುತ್ತದೆ. ಈ ಮನೆಯಲ್ಲಿ, ಈ ನೋಂದಣಿ ಇಟ್ಟುಕೊಂಡು, ಇಂಥ ಪರೀಕ್ಷೆ ಮಾಡಿಸಿಕೊಂಡರೆ ಸರಿ. ಗೆರೆಯ ಆಚೆ ನಿಂತವರು ಮೊದಲಿನ ಹಾಗೇ ಅಪರಾಧಿಗಳು. ಅಪರಾಧಮುಕ್ತ ಮಾಡಿದರೆ ಹಾಗಲ್ಲ. ವಯಸ್ಕರ ನಡುವೆ ಒಪ್ಪಿಗೆಯಿಂದ ನಡೆಯುವ ವ್ಯವಹಾರದಿಂದ ಕ್ರಿಮಿನಲ್ ಕಾನೂನು ಕೈ ತೆಗೆಯುತ್ತದೆ. ಕಾರ್ಮಿಕ ಕಾನೂನು, ಆರೋಗ್ಯದ ನಿಯಮ, ಬಾಡಿಗೆ ಕರಾರು, ನಗರಸಭೆಯ ಕಟ್ಟಲೆ ಆ ಜಾಗಕ್ಕೆ ಬರುತ್ತವೆ. ಬಲಾತ್ಕಾರ, ಮಾನವ ಕಳ್ಳಸಾಗಣೆ, ಮಕ್ಕಳನ್ನು ಬಳಸಿಕೊಳ್ಳುವುದು ಮೊದಲೂ ಅಪರಾಧ, ಆಮೇಲೂ ಅಪರಾಧ.

ಅಮೆರಿಕದ ನೆವಾಡಾ ರಾಜ್ಯವನ್ನು ನೋಡಿದರೆ ಈ ಗೆರೆಯ ಪರಿಣಾಮ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕೆಲವು ಗ್ರಾಮೀಣ ಕೌಂಟಿಗಳಲ್ಲಿ ಮಾತ್ರ ಲೈಸೆನ್ಸ್ ಪಡೆದ ವೇಶ್ಯಾಗೃಹಗಳಿಗೆ ಅವಕಾಶ. ಲಾಸ್ ವೇಗಸ್ ನಗರದಲ್ಲಿ ಇಲ್ಲ. ಒಳಗೆ ಕೆಲಸ ಮಾಡುವವರು ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರರು. ವಾರಕ್ಕೊಮ್ಮೆ ಆರೋಗ್ಯ ಪರೀಕ್ಷೆ ಕಡ್ಡಾಯ. ಸಂಪಾದನೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಮಾಲೀಕನಿಗೆ ಹೋಗುತ್ತದೆ. ಅರ್ಧ ಯಾಕೆ ಬಿಟ್ಟುಕೊಡುತ್ತಾರೆ? ಮಾಲೀಕನ ಮನೆ ಬಿಟ್ಟು ಹೊರಗೆ ಬಂದು ಸ್ವಂತಕ್ಕೆ ಮಾಡಿದರೆ ಅದು ಅಪರಾಧ. ಅವಳಿಗೆ ಬೇರೆ ದಾರಿ ಇಲ್ಲ ಅನ್ನೋದನ್ನು ಕಾನೂನೇ ಮಾಲೀಕನ ಕೈಗೆ ಬರೆದು ಕೊಟ್ಟ ಹಾಗಾಯಿತು. ಕೆಲಸ ಕಾನೂನುಬದ್ಧ ಹೌದು, ಆದರೆ ಲೈಸೆನ್ಸ್ ಇರೋದು ಅವನ ಮನೆಗೆ.

ಜರ್ಮನಿಯದು ಇನ್ನೊಂದು ರೀತಿ. 2002ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಈ ವ್ಯವಹಾರದ ಕರಾರಿಗೆ ಮಾನ್ಯತೆ ಕೊಟ್ಟಿತು. ಸಾಮಾಜಿಕ ವಿಮೆಗೆ ಸೇರುವ ದಾರಿ ತೆರೆಯಿತು. ಉದ್ದೇಶ ಒಳ್ಳೆಯದೇ. ಆದರೆ ಉದ್ಯೋಗ ಕರಾರು ಮಾಡಿಕೊಂಡವರು ತೀರಾ ಕಡಿಮೆ. ದೊಡ್ಡ ದೊಡ್ಡ ವೇಶ್ಯಾಗೃಹಗಳು ಮಾತ್ರ ಚೆನ್ನಾಗಿ ಬೆಳೆದವು. ಒಂದೇ ದರಕ್ಕೆ ಎಷ್ಟು ಬೇಕಾದರೂ ಅನ್ನುವಂಥ ಜಾಹೀರಾತುಗಳೂ ಬಂದವು, ಅದರ ಮೇಲೆ ಗಲಾಟೆಯಾಯಿತು. 2017ರಲ್ಲಿ ಇನ್ನೊಂದು ಕಾನೂನು ತಂದು, ಪ್ರತಿಯೊಬ್ಬರೂ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು, ಆರೋಗ್ಯ ಸಲಹೆ ಪಡೆಯಬೇಕು ಅಂದರು. 2019ರ ಕೊನೆಗೆ ನೋಂದಾಯಿಸಿಕೊಂಡವರು ಸುಮಾರು 40,000 ಮಂದಿ. ನಿಜವಾಗಿ ಕೆಲಸ ಮಾಡುವವರು ಇದರ ಎಷ್ಟೋ ಪಟ್ಟು ಅಂತ ಎಲ್ಲರೂ ಒಪ್ಪುತ್ತಾರೆ. ಉಳಿದವರು ಯಾಕೆ ಬರಲಿಲ್ಲ ಅನ್ನೋದು ಊಹಿಸಲಾಗದ ಸಂಗತಿಯೇನಲ್ಲ. ಈ ಕೆಲಸ ಮಾಡುತ್ತೇನೆ ಅಂತ ಸರ್ಕಾರದ ದಾಖಲೆಯಲ್ಲಿ ಹೆಸರು ಬರೆಸೋಕೆ ಯಾರಿಗೆ ತಾನೇ ಧೈರ್ಯ ಬರುತ್ತದೆ? ನಾಳೆ ಬೇರೆ ಕೆಲಸ ಹುಡುಕಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು, ಊರಿಗೆ ವಾಪಸ್ ಹೋಗಬೇಕು.

ಸ್ವೀಡನ್ 1999ರಲ್ಲಿ ಹಿಡಿದ ದಾರಿಗೆ ಜಗತ್ತಿನಲ್ಲಿ ತುಂಬಾ ಬೆಂಬಲಿಗರಿದ್ದಾರೆ. ಮಾರುವವಳಿಗೆ ಶಿಕ್ಷೆ ಇಲ್ಲ, ಕೊಳ್ಳುವವನಿಗೆ ಶಿಕ್ಷೆ. ನಾರ್ವೆ, ಐಸ್‌ಲ್ಯಾಂಡ್ 2009ರಲ್ಲಿ, ಕೆನಡಾ 2014ರಲ್ಲಿ, ಫ್ರಾನ್ಸ್ 2016ರಲ್ಲಿ, ಐರ್ಲೆಂಡ್ 2017ರಲ್ಲಿ ಇದೇ ದಾರಿ ಹಿಡಿದವು. ಇದರ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಈ ವೃತ್ತಿಯಿಂದ ಹೊರಬಂದ ಎಷ್ಟೋ ಹೆಂಗಸರೇ ಈ ಕಾನೂನು ಬೇಕು ಅನ್ನುತ್ತಾರೆ. ತಾವು ಕಂಡಿದ್ದು ಆಯ್ಕೆಯಲ್ಲ, ಹಿಂಸೆ ಅನ್ನುತ್ತಾರೆ. ಅವರ ಅನುಭವವನ್ನು ಯಾರೂ ತಳ್ಳಿಹಾಕುವಂತಿಲ್ಲ. ಬೀದಿಯಲ್ಲಿ ನಡೆಯುವ ವ್ಯವಹಾರ ಅರ್ಧಕ್ಕೆ ಇಳಿದಿದೆ ಅಂತ ಸ್ವೀಡನ್ ಸರ್ಕಾರದ 2010ರ ಪರಿಶೀಲನಾ ವರದಿಯೂ ಹೇಳಿತು. ಆದರೆ ಅದೇ ಹೊತ್ತಿಗೆ ಇಂಟರ್ನೆಟ್ ಬಂದಿತ್ತು, ಬೇರೆ ಎಷ್ಟೋ ಕಡೆಯೂ ಬೀದಿ ಖಾಲಿಯಾಗುತ್ತಿತ್ತು ಅನ್ನೋದನ್ನೂ ನೆನಪಿಡಬೇಕು.

ಈಗ ನನ್ನ ಪ್ರಶ್ನೆ ಇಟ್ಟುಕೊಂಡು ಈ ಕಾನೂನನ್ನು ನೋಡಿ. ಬೀದಿ ಬದಿಯಲ್ಲಿ ಒಂದು ಕಾರು ನಿಲ್ಲುತ್ತದೆ. ಹತ್ತುವ ಮುಂಚೆ ಅವಳಿಗೆ ಎರಡು ನಿಮಿಷ ಬೇಕು. ಅವನು ಕುಡಿದಿದ್ದಾನಾ, ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಇದ್ದಾನಾ, ಮಾತು ಹೇಗಿದೆ, ಕಾಂಡೋಮ್ ಹಾಕಿಕೊಳ್ಳುತ್ತಾನಾ, ಎಲ್ಲಿಗೆ ಹೋಗೋದು, ಎಷ್ಟು ದುಡ್ಡು. ಕಾರಿನ ನಂಬರ್ ಗೆಳತಿಗೆ ಹೇಳಬೇಕು. ಆ ಎರಡು ನಿಮಿಷವೇ ಅವಳ ರಕ್ಷಣೆ. ಆದರೆ ಸಿಕ್ಕಿಬಿದ್ದರೆ ಶಿಕ್ಷೆ ಅವನಿಗೆ. ಹಾಗಾಗಿ ಅವನಿಗೆ ಅವಸರ. ‘ಮೊದಲು ಹತ್ತು, ಆಮೇಲೆ ಮಾತಾಡೋಣ’ ಅನ್ನುತ್ತಾನೆ. ಫೋನಿನಲ್ಲಾದರೆ ನಿಜವಾದ ಹೆಸರು ಹೇಳಲ್ಲ, ಸ್ವಂತ ನಂಬರ್ ಕೊಡಲ್ಲ. ಭಯ ಗಿರಾಕಿಯದು, ಅಪಾಯ ಅವಳದು. ಅದೂ ಅಲ್ಲದೆ ಒಳ್ಳೆಯ ಗಿರಾಕಿ ಹೆದರಿ ಬರೋದು ಬಿಡುತ್ತಾನೆ. ಶಿಕ್ಷೆಗೆ ಹೆದರದವನು ಬರುತ್ತಾನೆ. ಅವತ್ತಿನ ಬಾಡಿಗೆ ದುಡ್ಡು ಹುಟ್ಟದಿದ್ದರೆ ಅವಳು ಅವನಿಗೂ ಬೇಡ ಅನ್ನೋಕಾಗಲ್ಲ.

ಮಾರುವವಳಿಗೆ ಶಿಕ್ಷೆ ಇಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. 2019ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ವಲಸೆ ಹೆಂಗಸರಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆಯಾಯಿತು. ಅವರಲ್ಲಿ ಒಬ್ಬಳು ಗರ್ಭಿಣಿ. ಮಾಡಿದ ಅಪರಾಧ ವೇಶ್ಯಾಗೃಹ ನಡೆಸಿದ್ದು. ಇಬ್ಬರು ಒಂದೇ ಮನೆಯಲ್ಲಿ ಕೆಲಸ ಮಾಡಿದರೆ ಅಲ್ಲಿನ ಕಾನೂನಿಗೆ ಅದು ವೇಶ್ಯಾಗೃಹ. ಒಬ್ಬಳೇ ಇದ್ದಿದ್ದರೆ ಅಪರಾಧ ಇಲ್ಲ. ಒಬ್ಬಳೇ ಇರೋದು ಅಪಾಯ ಅಂತ ಇನ್ನೊಬ್ಬಳನ್ನು ಜೊತೆಗಿಟ್ಟುಕೊಂಡರೆ ಜೈಲು.

ಭಾರತದ ಕಾನೂನಿನಲ್ಲೂ ಇದೇ ಗಂಟು ಇದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಹಣ ಪಡೆದು ಲೈಂಗಿಕ ಸೇವೆ ಕೊಡೋದೇ ಅಪರಾಧ ಅಂತ ಎಲ್ಲೂ ಇಲ್ಲ. ಆದರೆ ಅದರ ಸುತ್ತಮುತ್ತ ಎಲ್ಲವೂ ಅಪರಾಧ. ಗಿರಾಕಿಯನ್ನು ಕರೆಯುವುದು ಅಪರಾಧ. ಸಾರ್ವಜನಿಕ ಸ್ಥಳದ 200 ಮೀಟರ್ ಒಳಗೆ ಅಪರಾಧ. ಇಬ್ಬರು ತಮ್ಮ ಲಾಭಕ್ಕಾಗಿ ಒಂದು ಕೋಣೆ ಹಂಚಿಕೊಂಡರೂ ಅದು ಕಾಯ್ದೆಯ ಪ್ರಕಾರ ವೇಶ್ಯಾಗೃಹ. ನಾಲ್ಕನೇ ಸೆಕ್ಷನ್ ಅಂತೂ ಓದುವಾಗ ಸಂಕಟವಾಗುತ್ತದೆ. ಈ ಸಂಪಾದನೆಯಿಂದ ಗೊತ್ತಿದ್ದೂ ಜೀವನ ನಡೆಸುವ 18 ದಾಟಿದ ಯಾರಿಗಾದರೂ ಎರಡು ವರ್ಷದವರೆಗೆ ಜೈಲು. ತಲೆಹಿಡುಕರನ್ನು ಹಿಡಿಯೋಕೆ ಬರೆದಿದ್ದು ಇದು. ಆದರೆ ಬರೆದ ರೀತಿ ನೋಡಿದರೆ ವಯಸ್ಸಾದ ತಾಯಿಯೂ ಇದರೊಳಗೆ ಬರುತ್ತಾಳೆ, ಕಾಲೇಜು ಓದುತ್ತಿರುವ ಮಗನೂ ಬರುತ್ತಾನೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಮುಖ್ಯವಾದ ನಿರ್ದೇಶನಗಳನ್ನು ಕೊಟ್ಟಿತು. ಸಂವಿಧಾನದ 21ನೇ ವಿಧಿಯ ಘನತೆಯ ಬದುಕು ಇವರಿಗೂ ಇದೆ, ರೇಡ್ ಮಾಡಿದಾಗ ಸ್ವಇಚ್ಛೆಯಿಂದ ಇರುವವರನ್ನು ಬಂಧಿಸಬಾರದು, ಪೊಲೀಸರು ಬೈಯಬಾರದು ಹೊಡೆಯಬಾರದು, ಕಾಂಡೋಮನ್ನು ಅಪರಾಧದ ಸಾಕ್ಷಿಯಾಗಿ ತೋರಿಸಬಾರದು ಅಂತ. ಕೋರ್ಟು ಇದನ್ನು ಬಾಯಿಬಿಟ್ಟು ಹೇಳಬೇಕಾಯಿತು ಅಂದರೆ ಅಲ್ಲಿಯವರೆಗೆ ಏನು ನಡೆಯುತ್ತಿತ್ತು ಅಂತ ಅರ್ಥವಾಗುತ್ತದೆ ಅಲ್ವಾ? ಕಾಂಡೋಮ್ ಇಟ್ಟುಕೊಂಡರೆ ಠಾಣೆ, ಇಟ್ಟುಕೊಳ್ಳದಿದ್ದರೆ ರೋಗ. ಕಾಯ್ದೆ ಮಾತ್ರ ಹಾಗೇ ಉಳಿದಿದೆ.

ಕಾನೂನು ಒಬ್ಬರನ್ನು ಸಾವಿನ ಹತ್ತಿರಕ್ಕೆ ಹೇಗೆ ತಳ್ಳುತ್ತದೆ ಅನ್ನೋದನ್ನು ಕೆನಡಾದ ಸುಪ್ರೀಂ ಕೋರ್ಟ್ 2013ರ ಬೆಡ್‌ಫರ್ಡ್ ತೀರ್ಪಿನಲ್ಲಿ ಬಿಡಿಸಿಟ್ಟಿದೆ. ವ್ಯಾಂಕೂವರ್ ನಗರದಲ್ಲಿ ಬೀದಿಯಲ್ಲಿ ಕೆಲಸ ಮಾಡುವವರಿಗಾಗಿ ‘ಗ್ರಾಂಡ್‌ಮಾಸ್ ಹೌಸ್’ ಅಂತ ಒಂದು ಮನೆ ಇತ್ತು. ಗಿರಾಕಿಯ ಕಾರಿನಲ್ಲಿ ಊರಾಚೆ ಹೋಗುವ ಬದಲು ಅಲ್ಲಿಗೆ ಬರಬಹುದಿತ್ತು. ಅದೇ ಕಾಲಕ್ಕೆ ಆ ಪ್ರದೇಶದಿಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕಾಣೆಯಾಗುತ್ತಿದ್ದರು. ಕೊಲ್ಲುತ್ತಿದ್ದವನು ರಾಬರ್ಟ್ ಪಿಕ್ಟನ್ ಅನ್ನುವ ಹಂದಿ ಸಾಕುವವನು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಗ್ರಾಂಡ್‌ಮಾಸ್ ಹೌಸ್ ಮುಚ್ಚಿತು. ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಅದೂ ವೇಶ್ಯಾಗೃಹ. ಸರಣಿ ಕೊಲೆಗಾರನೊಬ್ಬ ಬೀದಿಯಲ್ಲಿ ಅಲೆಯುತ್ತಿದ್ದಾನೆ ಅನ್ನುವ ಅನುಮಾನ ಇರುವಾಗ, ಹೆಂಗಸರು ಒಂದು ಸುರಕ್ಷಿತ ಮನೆಗೆ ಹೋಗದಂತೆ ತಡೆಯುವ ಕಾನೂನು ತನ್ನ ಉದ್ದೇಶವನ್ನೇ ಮರೆತಿದೆ ಅಂತ ಕೋರ್ಟ್ ಹೇಳಿತು. ವೇಶ್ಯಾಗೃಹ, ಇನ್ನೊಬ್ಬರ ಸಂಪಾದನೆಯಲ್ಲಿ ಬದುಕುವುದು, ಸಾರ್ವಜನಿಕವಾಗಿ ವ್ಯವಹಾರ ಮಾತಾಡುವುದು, ಈ ಮೂರಕ್ಕೂ ಸಂಬಂಧಪಟ್ಟ ಸೆಕ್ಷನ್‌ಗಳನ್ನು ರದ್ದು ಮಾಡಿತು. ಮುಂದಿನ ವರ್ಷವೇ ಸಂಸತ್ತು ಸ್ವೀಡನ್ ಮಾದರಿಯ ಹೊಸ ಕಾನೂನು ತಂದಿತು, ಅದು ಬೇರೆ ಮಾತು.

ಹಾಗಾದರೆ ಪೂರ್ತಿ ಕೈ ತೆಗೆದ ಕಡೆ ಏನಾಯಿತು? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1995ರಲ್ಲೇ ಈ ಹೆಜ್ಜೆ ಇಟ್ಟಿತು. ಅಲ್ಲಿ ಆ ಹೊತ್ತಿಗೆ ಪೊಲೀಸ್ ಭ್ರಷ್ಟಾಚಾರದ ಮೇಲೆ ದೊಡ್ಡ ವಿಚಾರಣಾ ಆಯೋಗ ಕೂತಿತ್ತು. ವೇಶ್ಯಾಗೃಹಗಳ ಮೇಲೆ ಪೊಲೀಸರಿಗೆ ಅಧಿಕಾರ ಇರುವವರೆಗೆ ಮಾಮೂಲಿ ನಿಲ್ಲಲ್ಲ ಅನ್ನೋದು ಗೊತ್ತಾಗಿ, ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಆದರೆ ಈ ವಿಷಯದಲ್ಲಿ ನಾನು ಜಾಸ್ತಿ ಓದಿರುವುದು ನ್ಯೂಜಿಲೆಂಡಿನ ಬಗ್ಗೆ. ಅಲ್ಲಿನ ಕಾನೂನನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು.

2003ರ ಜೂನ್ 25ರಂದು ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ 60-59ರಲ್ಲಿ ಪಾಸಾಯಿತು. ಒಬ್ಬ ಸದಸ್ಯರು ಮತ ಹಾಕಲಿಲ್ಲ. ಮಂಡಿಸಿದವರು ಸಂಸದ ಟಿಮ್ ಬಾರ್ನೆಟ್. ಹಿಂದೆ ನಿಂತು ವರ್ಷಾನುಗಟ್ಟಲೆ ಕೆಲಸ ಮಾಡಿದ್ದು 1987ರಲ್ಲಿ ಶುರುವಾದ, ಲೈಂಗಿಕ ವೃತ್ತಿಯವರೇ ಕಟ್ಟಿದ ಸಂಘ. ಅದರ ಮುಂದಾಳು ಕ್ಯಾಥರೀನ್ ಹೀಲಿ ಮೊದಲು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ಸದನದಲ್ಲಿ ಜಾರ್ಜಿನಾ ಬೇಯರ್ ಮಾತಾಡಿದರು. ಲಿಂಗ ಪರಿವರ್ತಿತರು ಅಂತ ಎಲ್ಲರಿಗೂ ಗೊತ್ತಿದ್ದು ಸಂಸತ್ತಿಗೆ ಆಯ್ಕೆಯಾದವರಲ್ಲಿ ಜಗತ್ತಿನಲ್ಲೇ ಮೊದಲಿಗರು ಅವರು. ಒಂದು ಕಾಲದಲ್ಲಿ ಸ್ವತಃ ಬೀದಿಯಲ್ಲಿ ಈ ಕೆಲಸ ಮಾಡಿದವರು. ಇಪ್ಪತ್ತು ತುಂಬುವ ಮೊದಲೇ ಸತ್ತುಹೋದ, ತಾವು ಬಲ್ಲ ಲೈಂಗಿಕ ಕಾರ್ಯಕರ್ತರೆಲ್ಲರ ಸಲುವಾಗಿ ಈ ಮಸೂದೆಗೆ ಬೆಂಬಲ ಕೊಡುತ್ತಿದ್ದೇನೆ ಅಂದರು.

ಕಾನೂನಿನ ಒಳಗೆ ಏನಿದೆ ಅಂದರೆ, ಮೊದಲನೆಯದಾಗಿ ಸರ್ಕಾರ ಈ ವೃತ್ತಿಯನ್ನು ನೈತಿಕವಾಗಿ ಎತ್ತಿಹಿಡಿಯುತ್ತಿಲ್ಲ ಅಂತ ಉದ್ದೇಶದ ಸೆಕ್ಷನ್‌ನಲ್ಲೇ ಬರೆದಿದ್ದಾರೆ. ನನಗೆ ಅದು ಪ್ರಾಮಾಣಿಕ ಅನ್ನಿಸಿತು. ಒಂದು ಕೆಲಸ ಒಳ್ಳೆಯದು ಅಂತ ಒಪ್ಪದೆಯೂ ಅದನ್ನು ಮಾಡುವವರನ್ನು ಕಾಪಾಡಬಹುದು. 17ನೇ ಸೆಕ್ಷನ್ ನನ್ನ ಪ್ರಶ್ನೆಗೆ ನೇರ ಉತ್ತರ. ದುಡ್ಡು ಪಡೆದಿದ್ದರೂ, ಕರಾರು ಮಾಡಿದ್ದರೂ, ಯಾವ ಕ್ಷಣದಲ್ಲಿ ಬೇಕಾದರೂ ಅವಳು ನಿರಾಕರಿಸಬಹುದು. ಹಣದ ಲೆಕ್ಕ ಆಮೇಲೆ ಬಗೆಹರಿಸಿಕೊಳ್ಳಬಹುದು, ದೇಹದ ಮೇಲೆ ಕರಾರಿನ ಹಕ್ಕು ಯಾರಿಗೂ ಇಲ್ಲ. ಕಾಂಡೋಮ್ ಬಳಸದ ಗಿರಾಕಿಗೆ ದಂಡ. ಗಿರಾಕಿ ಹಟ ಮಾಡಿದರೆ ‘ಕಾನೂನಿದೆ’ ಅಂತ ಅವಳು ಹೇಳಬಹುದು. ವೇಶ್ಯಾಗೃಹ ನಡೆಸುವವರಿಗೆ ಸರ್ಟಿಫಿಕೇಟ್ ಬೇಕು, ಗಂಭೀರ ಅಪರಾಧದ ಹಿನ್ನೆಲೆ ಇದ್ದರೆ ಸಿಗಲ್ಲ. ಟಿವಿ, ರೇಡಿಯೋದಲ್ಲಿ ಜಾಹೀರಾತು ಇಲ್ಲ. 18ರ ಒಳಗಿನವರನ್ನು ಬಳಸಿಕೊಂಡರೆ ಏಳು ವರ್ಷದವರೆಗೆ ಜೈಲು.

ಇಷ್ಟರಲ್ಲಿ ದಂಧೆಯ ರೂಪವನ್ನೇ ಬದಲಿಸುವ ಶಕ್ತಿ ಇರೋದು ಒಂದು ಸಣ್ಣ ನಿಯಮಕ್ಕೆ. ನಾಲ್ಕು ಜನರವರೆಗೆ ಸೇರಿ ಒಂದು ಮನೆ ಮಾಡಿಕೊಂಡು, ತಂತಮ್ಮ ಸಂಪಾದನೆ ತಮ್ಮ ಕೈಯಲ್ಲೇ ಇಟ್ಟುಕೊಂಡರೆ ಯಾವ ಸರ್ಟಿಫಿಕೇಟೂ ಬೇಡ. ಕಾನೂನಿನ ಮಟ್ಟಿಗೆ ಅಲ್ಲಿ ಮಾಲೀಕ ಅನ್ನುವವನೇ ಇಲ್ಲ. ಐರ್ಲೆಂಡಿನಲ್ಲಿ ಜೈಲಿಗೆ ಕಳಿಸಿದ ಏರ್ಪಾಡು ಇಲ್ಲಿ ಕಾನೂನಿನ ಸಣ್ಣ ಉದ್ದಿಮೆ. ನೆವಾಡಾದ ಮಾಲೀಕನಿಗೆ ಅರ್ಧ ಪಾಲು ಸಿಗೋದು ಅವಳಿಗೆ ಬೇರೆ ದಾರಿ ಇಲ್ಲದ್ದಕ್ಕೆ ಅಂದೆನಲ್ಲ, ಇಲ್ಲಿ ಆ ದಾರಿ ತೆರೆದಿದೆ. ಮಾಲೀಕ ಜಾಸ್ತಿ ಕಿತ್ತುಕೊಂಡರೆ, ಕಾಟ ಕೊಟ್ಟರೆ, ಅವಳು ಗೆಳತಿಯ ಜೊತೆ ಬೇರೆ ಮನೆ ಮಾಡಬಹುದು. ಅವಳು ಹೋಗದಿದ್ದರೂ ಪರವಾಗಿಲ್ಲ. ಹೋಗಬಲ್ಲಳು ಅನ್ನೋದು ಗೊತ್ತಿದ್ದರೆ ಸಾಕು, ಮಾಲೀಕನ ದನಿ ತಗ್ಗುತ್ತದೆ. ಮುಂದೆ ಯಾವುದೇ ದೇಶ ಇಂಥ ಕಾನೂನು ಬರೆಯುವುದಾದರೆ ನಾನು ಮೊದಲು ಹುಡುಕೋದು ಈ ನಿಯಮವನ್ನೇ. ಅದು ಇಲ್ಲದಿದ್ದರೆ ಅಪರಾಧಮುಕ್ತಿಯ ಲಾಭ ಬಂಡವಾಳ ಇದ್ದವನ ಪಾಲಾಗುತ್ತದೆ.

ಜನ ಈ ಕೆಲಸಕ್ಕೆ ಮುಗಿಬೀಳುತ್ತಾರೆ ಅನ್ನುವ ಭಯ ಅಲ್ಲೂ ಇತ್ತು. ಕಾನೂನು ಹೇಗೆ ನಡೆಯುತ್ತಿದೆ ಅಂತ ನೋಡಲು ಕಾನೂನೇ ಒಂದು ಸಮಿತಿ ಮಾಡಿತ್ತು. ಅದರ 2008ರ ವರದಿ, ಈ ಕೆಲಸದಲ್ಲಿರುವವರ ಸಂಖ್ಯೆ ಏರಿಲ್ಲ ಅಂದಿತು. ಕ್ರೈಸ್ಟ್‌ಚರ್ಚ್ ನಗರದಲ್ಲಿ 1999ರಲ್ಲಿ 375 ಇದ್ದವರು 2006ರಲ್ಲಿ 392. ಸಮೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ತಮಗೆ ಕಾನೂನಿನ ಹಕ್ಕುಗಳಿವೆ ಅಂದರು. ಅರವತ್ತಕ್ಕಿಂತ ಜಾಸ್ತಿ ಜನ ಗಿರಾಕಿಯನ್ನು ನಿರಾಕರಿಸೋದು ಮೊದಲಿಗಿಂತ ಸುಲಭವಾಗಿದೆ ಅಂದರು. ಎಲ್ಲವೂ ಸರಿಹೋಯಿತು ಅಂತಲ್ಲ. ಕೆಲವು ಮಾಲೀಕರು ಹಳೆಯ ಚಾಳಿ ಬಿಟ್ಟಿರಲಿಲ್ಲ. ಹೊಡೆತ ತಿಂದರೂ ಪೊಲೀಸರ ಹತ್ತಿರ ಹೋಗದವರು ಇನ್ನೂ ತುಂಬಾ ಇದ್ದರು. ವರದಿ ಅದನ್ನೂ ಮುಚ್ಚಿಡಲಿಲ್ಲ.

ನಗರಸಭೆಗಳ ಜಗಳವೂ ಶುರುವಾಯಿತು. ಸಂಸತ್ತು ತೆರೆದ ಬಾಗಿಲನ್ನು ಸ್ಥಳೀಯ ಆಡಳಿತ ಹಿಂದಿನಿಂದ ಮುಚ್ಚಬಹುದು. ಯಾವ ಬೀದಿಯಲ್ಲಿ ಮಾಡಬಾರದು ಅಂತ ಎಲ್ಲ ಬೀದಿಗಳನ್ನೂ ಪಟ್ಟಿ ಮಾಡಿದರೆ ಮುಗಿಯಿತಲ್ಲ. ಕ್ರೈಸ್ಟ್‌ಚರ್ಚ್ ನಗರಸಭೆ ವೇಶ್ಯಾಗೃಹಗಳ ಜಾಗದ ಬಗ್ಗೆ ಮಾಡಿದ ಕಟ್ಟಳೆಯನ್ನು 2005ರಲ್ಲಿ ಹೈಕೋರ್ಟ್ ರದ್ದು ಮಾಡಬೇಕಾಯಿತು. ಕಾನೂನು ಬದಲಾಯಿತು ಅಂತ ಸಂಭ್ರಮಿಸುವವರು ಇಂಥ ಸಣ್ಣ ಕಟ್ಟಳೆಗಳ ಮೇಲೆ ಕಣ್ಣಿಡಬೇಕು.

ಆರೋಗ್ಯದ ಬಗ್ಗೆ ಎರಡು ಅಧ್ಯಯನ ಹೇಳುತ್ತೇನೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 1980ರಲ್ಲಿ ಕಾನೂನು ತಿದ್ದುವಾಗ ಒಂದು ಸಂದು ಉಳಿದುಹೋಗಿತ್ತು. ನಾಲ್ಕು ಗೋಡೆಯ ಒಳಗೆ ನಡೆದರೆ ಅಪರಾಧ ಆಗಲ್ಲ ಅಂತ 2003ರಲ್ಲಿ ಕೋರ್ಟಿನಲ್ಲಿ ಬೆಳಕಿಗೆ ಬಂತು. 2009ರಲ್ಲಿ ಮತ್ತೆ ಅಪರಾಧ ಮಾಡಿದರು. ನಡುವಿನ ಆ ವರ್ಷಗಳನ್ನು ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕನಿಂಗ್‌ಹ್ಯಾಮ್ ಮತ್ತು ಮನೀಷಾ ಶಾ ಪರಿಶೀಲಿಸಿದರು. ಇಡೀ ರಾಜ್ಯದಲ್ಲಿ ದಾಖಲಾದ ಅತ್ಯಾಚಾರಗಳು ನೂರಕ್ಕೆ ಮೂವತ್ತರಷ್ಟು, ಹೆಂಗಸರಲ್ಲಿ ಗೊನೊರಿಯಾ ಅನ್ನುವ ಲೈಂಗಿಕ ರೋಗ ನೂರಕ್ಕೆ ನಲವತ್ತರಷ್ಟು ಇಳಿದಿದ್ದವು. ಇನ್ನೊಂದು, 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ವ್ಯಾಂಕೂವರ್, ಕೀನ್ಯಾದ ಮೊಂಬಾಸಾ, ನಮ್ಮ ಬಳ್ಳಾರಿ ಈ ಮೂರು ಕಡೆಯ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಅಪರಾಧಮುಕ್ತ ಮಾಡಿದರೆ ಹತ್ತು ವರ್ಷಗಳಲ್ಲಿ ಲೈಂಗಿಕ ವೃತ್ತಿಯ ಹೆಂಗಸರು ಮತ್ತು ಗಿರಾಕಿಗಳಲ್ಲಿ ಎಚ್‌ಐವಿ ಸೋಂಕನ್ನು ನೂರಕ್ಕೆ 33ರಿಂದ 46ರಷ್ಟು ತಡೆಯಬಹುದು ಅಂತ ಬಂತು. ಔಷಧಿ ಕಾರಣ ಅಲ್ಲ ಇದಕ್ಕೆ. ರೇಡ್ ಭಯ ಇಲ್ಲದಿದ್ದರೆ ಕಾಂಡೋಮ್ ಕೈಯಲ್ಲಿರುತ್ತದೆ, ಕ್ಲಿನಿಕ್ಕಿಗೆ ಹೋಗೋಕಾಗುತ್ತದೆ, ಹಿಂಸೆ ಕಡಿಮೆಯಾಗುತ್ತದೆ.

ಇನ್ನು ಮಾನವ ಕಳ್ಳಸಾಗಣೆ. ಅಪರಾಧಮುಕ್ತಿಗೆ ಇರುವ ಅತಿ ಗಟ್ಟಿ ಆಕ್ಷೇಪ ಇದೇ. 2013ರಲ್ಲಿ ಸುಮಾರು 150 ದೇಶಗಳ ಮಾಹಿತಿ ನೋಡಿದ ಒಂದು ಅಧ್ಯಯನ, ಲೈಂಗಿಕ ವೃತ್ತಿ ಕಾನೂನುಬದ್ಧವಾಗಿರುವ ದೇಶಗಳಿಗೆ ಕಳ್ಳಸಾಗಣೆಯ ಒಳಹರಿವು ಜಾಸ್ತಿ ವರದಿಯಾಗುತ್ತದೆ ಅಂದಿತು. ಇದನ್ನು ಬದಿಗೆ ತಳ್ಳುವಂತಿಲ್ಲ. ಆದರೆ ಆ ಲೆಕ್ಕ ವರದಿಯಾದ ಪ್ರಕರಣಗಳ ಮೇಲೆ ನಿಂತಿದೆ, ಕಳ್ಳಸಾಗಣೆಯಂಥ ಬಚ್ಚಿಟ್ಟ ಅಪರಾಧದಲ್ಲಿ ವರದಿಯೂ ವಾಸ್ತವವೂ ಒಂದೇ ಆಗಿರೋದು ಕಷ್ಟ. ಲೈಸೆನ್ಸ್ ದೇಶವನ್ನೂ ಅಪರಾಧಮುಕ್ತ ದೇಶವನ್ನೂ ಅದು ಬೇರೆ ಬೇರೆ ಮಾಡಿ ನೋಡಿಲ್ಲ. ನನ್ನ ತಕರಾರು ಇನ್ನೊಂದಿದೆ. ಬಲವಂತಕ್ಕೆ ಸಿಕ್ಕ ಹುಡುಗಿಯನ್ನು ಮೊದಲು ನೋಡೋದು ಯಾರು? ಅದೇ ಕಟ್ಟಡದಲ್ಲಿ ಕೆಲಸ ಮಾಡುವ ಇನ್ನೊಬ್ಬ ಹೆಂಗಸು. ಕೆಲವೊಮ್ಮೆ ಗಿರಾಕಿ. ಫೋನ್ ಮಾಡಿ ಹೇಳಿದರೆ ತಾವೇ ಒಳಗೆ ಹೋಗುತ್ತೇವೆ ಅನ್ನುವ ಭಯ ಇದ್ದರೆ ಇಬ್ಬರೂ ಬಾಯಿ ಬಿಡಲ್ಲ. ಹುಡುಗಿ ಅಲ್ಲೇ ಉಳಿಯುತ್ತಾಳೆ.

ನ್ಯೂಜಿಲೆಂಡ್ ಇಲ್ಲೇ ಎಡವಿದೆ ಅಂತ ನನ್ನ ಅಭಿಪ್ರಾಯ. ಕಳ್ಳಸಾಗಣೆ ತಡೆಯಲೆಂದು ತಾತ್ಕಾಲಿಕ ವೀಸಾದಲ್ಲಿ ಬಂದವರು ಈ ಕೆಲಸ ಮಾಡುವಂತಿಲ್ಲ ಅಂತ 19ನೇ ಸೆಕ್ಷನ್ ಹೇಳುತ್ತದೆ. ಮಾಡಿದರೆ ಗಡೀಪಾರು. ಮಾಡುವವರು ಇದ್ದೇ ಇದ್ದಾರೆ. ‘ದೂರು ಕೊಟ್ಟರೆ ನಿನ್ನನ್ನೇ ಗಡಿ ದಾಟಿಸುತ್ತಾರೆ’ ಅಂತ ಮಾಲೀಕ ಹೆದರಿಸಿದರೆ ಅವಳ ಹತ್ತಿರ ಉತ್ತರ ಇಲ್ಲ. ಎಲ್ಲರಿಗೂ ಕೊಟ್ಟ ಹಕ್ಕನ್ನು ಅತಿ ಹೆಚ್ಚು ಅಪಾಯದಲ್ಲಿರುವವಳ ಕೈಯಿಂದ ಕಿತ್ತುಕೊಂಡಿದ್ದು ಇದು.

ಕ್ರಿಮಿನಲ್ ಕಾನೂನು ಹೋದ ಮೇಲೆ ಆ ಜಾಗಕ್ಕೆ ಏನು ಬರಬೇಕು ಅನ್ನೋದಕ್ಕೆ ಬೆಲ್ಜಿಯಂ ಈಗ ಒಂದು ಉತ್ತರ ಕೊಟ್ಟಿದೆ. ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ ಅಲ್ಲಿನ ಲೈಂಗಿಕ ವೃತ್ತಿಯವರಲ್ಲಿ ಎಷ್ಟೋ ಜನರಿಗೆ ಸರ್ಕಾರದ ನೆರವು ಸಿಗಲಿಲ್ಲ. ಕೆಲಸವೇ ಲೆಕ್ಕಕ್ಕಿಲ್ಲ ಅಂದಮೇಲೆ ನಷ್ಟಕ್ಕೆ ಎಲ್ಲಿಯ ಲೆಕ್ಕ? 2022ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದರು. 2024ರ ಡಿಸೆಂಬರ್ 1ರಿಂದ ಉದ್ಯೋಗ ಕರಾರಿನ ಕಾನೂನು ಜಾರಿಗೆ ಬಂತು. ಕರಾರಿನ ಮೇಲೆ ಕೆಲಸ ಮಾಡುವವರಿಗೆ ಕಾಯಿಲೆ ರಜೆ, ಹೆರಿಗೆ ರಜೆ, ಪಿಂಚಣಿ. ಕೋಣೆಯಲ್ಲಿ ಅಪಾಯ ಬಂದರೆ ಒತ್ತುವ ಅಲಾರಂ ಬಟನ್ ಇರಬೇಕು. ಗಿರಾಕಿಯನ್ನು ನಿರಾಕರಿಸಿದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಆರು ತಿಂಗಳಲ್ಲಿ ಹತ್ತು ಸಲಕ್ಕಿಂತ ಜಾಸ್ತಿ ನಿರಾಕರಿಸಿದರೆ ಅವಳೋ ಮಾಲೀಕನೋ ಸರ್ಕಾರದ ಮಧ್ಯಸ್ಥಿಕೆ ಕೇಳಬಹುದು ಅನ್ನುವ ಅಂಶವೂ ಇದೆ. ಅದು ನನಗೆ ಸರಿಕಾಣಲಿಲ್ಲ. ಬೇಡ ಅನ್ನೋದಕ್ಕೆ ಲೆಕ್ಕ ಇಡಲು ಹೊರಟರೆ ಆ ಹಕ್ಕು ಅಲ್ಲಿಗೆ ಸೊರಗುತ್ತದೆ.

ಕಾನೂನು ಪುಸ್ತಕ ಬದಲಾದರೂ ಬ್ಯಾಂಕು, ಆ್ಯಪ್, ಮನೆ ಮಾಲೀಕ ಬದಲಾಗಲ್ಲ ಅನ್ನೋದೂ ಇದೆ. ಅಮೆರಿಕ 2018ರಲ್ಲಿ ಕಳ್ಳಸಾಗಣೆ ತಡೆಯುವ ಹೆಸರಿನಲ್ಲಿ ಜಾಹೀರಾತು ತಾಣಗಳ ಮೇಲೆ ಕಾನೂನು ತಂದಾಗ, ತಾಣಗಳು ಮುಚ್ಚಿದವು ಇಲ್ಲವೇ ಬೇರೆ ದೇಶಕ್ಕೆ ಹೋದವು. ಗಿರಾಕಿಯ ಪೂರ್ವಾಪರ ಮೊದಲೇ ವಿಚಾರಿಸುವ ಅನುಕೂಲ ಹೋಗಿ ಎಷ್ಟೋ ಹೆಂಗಸರು ಮತ್ತೆ ಬೀದಿಗೆ ಬಂದರು. ಮೂರು ವರ್ಷ ಕಳೆದರೂ ಆ ಕಾನೂನಿನ ಹೊಸ ಕ್ರಿಮಿನಲ್ ಸೆಕ್ಷನ್ ಬಳಸಿದ್ದು ಒಂದೇ ಒಂದು ಸಲ ಅಂತ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2021ರಲ್ಲಿ ಬರೆಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ 2022ರಲ್ಲಿ ಅಪರಾಧಮುಕ್ತ ಮಾಡುವಾಗ ವೃತ್ತಿಯ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತಲೂ ಸೇರಿಸಿತು. ಆ ಮಾತು ಬರೆಯದಿದ್ದರೆ ಪೊಲೀಸ್ ಬಿಟ್ಟ ಜಾಗದಲ್ಲಿ ಬ್ಯಾಂಕಿನವರು ಬಂದು ನಿಲ್ಲುತ್ತಾರೆ.

ಈ ವಿಷಯ ಮಾತಾಡಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ನಿಮ್ಮ ಮನೆ ಹೆಣ್ಣುಮಗಳನ್ನು ಈ ಕೆಲಸಕ್ಕೆ ಕಳಿಸ್ತೀರಾ?’ ಇಲ್ಲ, ನನಗೆ ಇಷ್ಟ ಆಗಲ್ಲ. ಆದರೆ ನನ್ನ ಮನೆಯ ಹೆಣ್ಣುಮಗಳು ಯಾವುದೋ ಸಾಲಕ್ಕೆ, ಯಾವುದೋ ಇಕ್ಕಟ್ಟಿಗೆ, ಅಥವಾ ತನ್ನದೇ ನಿರ್ಧಾರಕ್ಕೆ ಆ ಕೋಣೆಯಲ್ಲಿದ್ದಾಳೆ ಅಂದುಕೊಳ್ಳಿ. ಬಂದವನು ಕತ್ತು ಹಿಸುಕಿದರೆ ಅವಳು ಕಿರುಚಲಿ, ಪಕ್ಕದ ಕೋಣೆಯವಳು ಓಡಿ ಬರಲಿ, ಪೊಲೀಸರು ಅವನನ್ನು ಹಿಡಿಯಲಿ ಅಂತಲೇ ನಾನು ಬಯಸುವುದು. ಅವಳನ್ನು ಹಿಡಿಯಲಿ ಅಂತ ಅಲ್ಲ.

ಬಿಡಬೇಕು ಅನ್ನುವವರ ಕಥೆಯೂ ಇದೆ. ಈ ಕೆಲಸ ಬಿಡಿ ಅಂತ ಹೇಳುವ ಕಾನೂನೇ ಅವರ ಹೆಸರಿಗೆ ಒಂದು ಕೇಸ್ ಅಂಟಿಸುತ್ತದೆ. ಮುಂದೆ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಕೇಳಿಕೊಂಡು ಹೋದಾಗ ಹಿನ್ನೆಲೆ ವಿಚಾರಿಸುತ್ತಾರೆ, ಹಳೆಯ ಕೇಸ್ ಎದ್ದು ಬರುತ್ತದೆ, ಕೆಲಸ ಸಿಗಲ್ಲ. ವಾಪಸ್ ಅಲ್ಲಿಗೇ. ನ್ಯೂಜಿಲೆಂಡಿನ 18ನೇ ಸೆಕ್ಷನ್, ಈ ಕೆಲಸ ಮಾಡಲ್ಲ ಅಂದವರ ನಿರುದ್ಯೋಗ ಭತ್ಯೆಗೆ ಕತ್ತರಿ ಹಾಕುವಂತಿಲ್ಲ ಅನ್ನುತ್ತದೆ. ಹೊಸ ಕಾನೂನು ಬರೆಯುವವರು ಇದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಈ ವೃತ್ತಿಗಾಗಿ ಮಾತ್ರ ಬಿದ್ದ ಹಳೆಯ ಕೇಸ್‌ಗಳನ್ನು ದಾಖಲೆಯಿಂದ ತೆಗೆಯಬೇಕು, ಅವರು ಅರ್ಜಿ ಹಾಕದಿದ್ದರೂ. ಅರ್ಜಿ ಹಾಕಿ ಅಂದರೆ ಮತ್ತೆ ಒಂದು ಕಚೇರಿಗೆ ಹೋಗಿ, ಮತ್ತೊಬ್ಬರ ಮುಂದೆ ನಿಂತು, ತಾನು ಏನಾಗಿದ್ದೆ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದೆ.